ಭದ್ರೆಯಲ್ಲಿ ರಾಫ್ಟಿಂಗ್, ಯಗಚಿಯಲ್ಲಿ ಕಯಾಕ್: ಆಕ್ಷನ್ ಕ್ಯಾಮೆರಾ ಹೊಸಬನಿಗೆ ಏನು ಹೇಳುತ್ತೀರಿ?

ಕಾಫಿಕಣಿವೆ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಹೊಸದೊಂದನ್ನು ಕೊಂಡಿದ್ದರಿಂದ ಅವನ ಹಳೆಯ ಗೋಪ್ರೊ ಹೀರೋ 9 ನನ್ನ ಪಾಲಿಗೆ ಬಂದಿದೆ. ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿ, ಎದೆಗೆ ಕಟ್ಟುವ ಪಟ್ಟಿ, ಹೆಸರು ಗೊತ್ತಿಲ್ಲದ ಒಂದಷ್ಟು ಕೊಕ್ಕೆ ತಿರುಪುಗಳಿವೆ. ಪುಷ್ಯ ಮಳೆ ಹಿಡಿದುಕೊಂಡು ಭದ್ರೆ ತುಂಬಿ ಹರಿಯುತ್ತಿದ್ದಾಳೆ. ಬಾಳೆಹೊನ್ನೂರಿನ ಕಡೆ ಮಾಗುಂಡಿಯಲ್ಲಿ ಮನೆಯವರೆಲ್ಲ ಸೇರಿ ರಾಫ್ಟಿಂಗ್ ಮಾಡುವುದೆಂದು ನಿಶ್ಚಯವಾಗಿದೆ. ಮಳೆ ತಗ್ಗಿದ ಮೇಲೆ ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಕಯಾಕ್ ಕೂಡ ಮನಸ್ಸಿನಲ್ಲಿದೆ.

ಪರಿಚಯದವರು ತೆಗೆದ ವಿಡಿಯೋಗಳನ್ನು ನೋಡಿದೆ. ಅರ್ಧ ಭಾಗ ಆಕಾಶ, ಉಳಿದರ್ಧ ಲೆನ್ಸಿನ ಮೇಲೆ ಕುಳಿತ ನೀರಿನ ಹನಿ. ಅಂಥದ್ದಾಗಬಾರದು ಎಂಬುದಷ್ಟೇ ಆಸೆ. ಕ್ಯಾಮೆರಾವನ್ನು ಎಲ್ಲಿ ಕಟ್ಟಬೇಕು? ಸೆಟ್ಟಿಂಗ್ ಹೇಗಿರಬೇಕು? ನೀರು ಹೋಗದ ಬೇರೆ ಕವಚ ಕೊಳ್ಳಬೇಕೇ? ಜೊತೆಗೆ ಬರುವ ಅಕ್ಕನ ಮಗ ಉದ್ದನೆಯ ಸೆಲ್ಫಿ ಕೋಲು ತಂದೇ ತರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅದಕ್ಕೂ ಒಂದು ಮಾತು ಹೇಳಿ.

ಹುಟ್ಟುಗೋಲು

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ರಾಫ್ಟಿನಲ್ಲಿ ಕೋಲು ಬೇಡ. ನಾನು ಹಲವು ಮಳೆಗಾಲಗಳಿಂದ ರಾಫ್ಟ್ ನಡೆಸುವ ಕೆಲಸದಲ್ಲಿದ್ದೇನೆ, ಆದ್ದರಿಂದ ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ರಾಫ್ಟಿನಲ್ಲಿ ಕುಳಿತವರ ಎರಡೂ ಕೈ ಹುಟ್ಟಿನ ಮೇಲಿರಬೇಕು. ಒಂದು ಕೈ ಹುಟ್ಟಿನ ತುದಿಯ ಟಿ ಆಕಾರದ ಹಿಡಿಯನ್ನು ಪೂರ್ತಿ ಮುಚ್ಚಿರಬೇಕು. ಆ ಹಿಡಿ ಬಿಟ್ಟರೆ, ಅಲೆ ಎತ್ತಿ ಹಾಕಿದಾಗ ಅದು ಹೋಗಿ ಬಡಿಯುವುದು ಪಕ್ಕದವರ ಹಲ್ಲಿಗೆ. ರಾಫ್ಟಿಂಗ್‌ನಲ್ಲಿ ಆಗುವ ಸಣ್ಣಪುಟ್ಟ ಗಾಯಗಳಲ್ಲಿ ಬಂಡೆಗಿಂತ ಹುಟ್ಟಿನ ಹಿಡಿಯ ಪಾಲೇ ಹೆಚ್ಚು ಎಂಬುದು ನಾನು ಕಂಡದ್ದು. ಒಂದು ಕೈಯಲ್ಲಿ ಕೋಲು ಹಿಡಿದವನು ಹುಟ್ಟನ್ನು ಇನ್ನೊಂದು ಕೈಯಲ್ಲಿ ಸಡಿಲವಾಗಿ ಹಿಡಿದಿರುತ್ತಾನೆ. ಅಲ್ಲಿಗೆ ಆಯುಧ ಎರಡಾಯಿತು.

ಮಣಿಕಟ್ಟಿಗೆ ಉದ್ದ ದಾರ ಕಟ್ಟಿಕೊಂಡು ಕ್ಯಾಮೆರಾ ತೂಗುಬಿಡುವುದೂ ಬೇಡ. ನೀರಿಗೆ ಬಿದ್ದಾಗ ಆ ದಾರ ಬೇರಿಗೋ ಬಂಡೆಯ ಸಂದಿಗೋ ಸಿಕ್ಕಿಕೊಂಡರೆ ಸೆಳವು ನಿಮ್ಮನ್ನು ಎಳೆಯುತ್ತದೆ, ದಾರ ಬಿಡುವುದಿಲ್ಲ. ಎಲ್ಲಿ ಕಟ್ಟಬೇಕು ಎಂಬುದನ್ನು ಸಂಜೆ ವಿವರವಾಗಿ ಬರೆಯುತ್ತೇನೆ.

ಹಾಸನದ ಸ್ಟುಡಿಯೋ

ಕ್ಯಾಮೆರಾ ಹಳೆಯದು ಎಂಬ ಕೊರಗು ಬೇಡ. ಹೀರೋ 9 ಬೇರೆ ಕವಚವಿಲ್ಲದೆಯೇ ಹತ್ತು ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ರಾಫ್ಟಿಂಗ್‌ಗೆ, ಕಯಾಕ್‌ಗೆ ಅಷ್ಟು ಧಾರಾಳ. ಚಿತ್ರದ ಅಲುಗಾಟವನ್ನು ಒಳಗೇ ಸರಿಪಡಿಸುವ ಹೈಪರ್‌ಸ್ಮೂತ್ ಎಂಬ ವ್ಯವಸ್ಥೆ 2018ರ ಹೀರೋ 7 ಬ್ಲ್ಯಾಕ್‌ನಿಂದಲೇ ಇದೆ. ಅದಕ್ಕಿಂತ ಹಳೆಯ ಕ್ಯಾಮೆರಾ ಆಗಿದ್ದರೆ ಎರಡು ಸಲ ಯೋಚಿಸಿ ಎನ್ನುತ್ತಿದ್ದೆ.

ನಮ್ಮ ಮಲೆನಾಡಿನ ಮಳೆಗಾಲಕ್ಕೆ ಸೆಟ್ಟಿಂಗ್ ಬೇರೆಯೇ ಆಗಬೇಕು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಸುಡುಬಿಸಿಲಿನ ಕಡಲತೀರಕ್ಕೆ ಹೇಳಿದವು. ಎನ್‌ಡಿ ಫಿಲ್ಟರ್ ಹಾಕಿ ಎಂದು ಅಲ್ಲಿ ಬರೆದಿರುತ್ತಾರೆ, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು. ಪುಷ್ಯ ಮಳೆಯ ಮೋಡದ ಕೆಳಗೆ, ಎರಡೂ ದಂಡೆಯಲ್ಲಿ ಮರ ಬಾಗಿರುವ ಹೊಳೆಯಲ್ಲಿ ಇರುವ ಬೆಳಕೇ ಸಾಲದು. ಫಿಲ್ಟರಿಗೆ ಖರ್ಚು ಮಾಡಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಬೆಳಕು ಕಡಿಮೆಯಾದಾಗ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಕ್ಯಾಮೆರಾ ತನ್ನ ಶಟರ್ ವೇಗವನ್ನು ತಗ್ಗಿಸುತ್ತದೆ. ವಿಡಿಯೋದ ಪ್ರತಿ ಚೌಕಟ್ಟೂ (ಫ್ರೇಮ್) ಸ್ವಲ್ಪ ಹೆಚ್ಚು ಹೊತ್ತು ಬೆಳಕು ಕುಡಿಯುತ್ತದೆ. ಅಷ್ಟರಲ್ಲಿ ರಾಫ್ಟ್ ಎಗರಿದರೆ ಆ ಚೌಕಟ್ಟಿನ ಒಳಗೇ ಚಿತ್ರ ಎಳೆದುಕೊಂಡಿರುತ್ತದೆ. ಹೈಪರ್‌ಸ್ಮೂತ್ ಚೌಕಟ್ಟುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಬಲ್ಲದೇ ಹೊರತು ಒಳಗೆ ಎಳೆದುಹೋದ ವಿವರವನ್ನು ಮರಳಿ ತರಲಾರದು. ಫಲವಾಗಿ ಚಿತ್ರ ನಿಂತಲ್ಲೇ ನಿಂತಿರುತ್ತದೆ, ವಿವರ ಮಾತ್ರ ಆಗಾಗ ಕದಡುತ್ತದೆ. ಇದನ್ನು ನೋಡಿದವರು ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಹಾಗಾಗಿ 4ಕೆ, ಸೆಕೆಂಡಿಗೆ 60 ಚೌಕಟ್ಟು ಇಟ್ಟುಕೊಳ್ಳಿ. 60ರಲ್ಲಿ ಶಟರ್ ಸೆಕೆಂಡಿನ ಅರವತ್ತನೇ ಒಂದಕ್ಕಿಂತ ನಿಧಾನಕ್ಕೆ ಇಳಿಯಲಾರದು. ಬೇಕೆಂದಾಗ ಅರ್ಧ ವೇಗಕ್ಕೆ ನಿಧಾನಗೊಳಿಸಲೂಬಹುದು. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕಾಗಿರಬೇಕೆಂಬುದರ ಮಿತಿಯನ್ನು 1600ಕ್ಕೆ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಕಂಡರೂ ಚಿಂತೆಯಿಲ್ಲ, ಕದಡಿದ ಚಿತ್ರಕ್ಕಿಂತ ಅದೇ ಮೇಲು. ಚಿತ್ರದ ಒಟ್ಟು ಬೆಳಕನ್ನು ಏರಿಳಿಸುವ ಇವಿ ಎಂಬುದನ್ನು ಅರ್ಧ ಅಂಕ ಕೆಳಗಿಡಿ, ಅಂದರೆ ಮೈನಸ್ 0.5. ಇಲ್ಲವಾದರೆ ಕ್ಯಾಮೆರಾ ಕಡುಗಪ್ಪು ಮರಗಳನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ನೊರೆಯೆಲ್ಲ ಬರೀ ಬಿಳಿಯಾಗಿ ಒಳಗಿನ ಗೆರೆಗಳು ಮಾಯವಾಗುತ್ತವೆ. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹದ, ಆಟೋದಲ್ಲಿ ಬೇಡ. 6000 ಕೆಲ್ವಿನ್ ಸುತ್ತಮುತ್ತ ಒಂದು ಅಂಕಕ್ಕೆ ಕಟ್ಟಿಹಾಕಿ. ಒಂದು ಕ್ಷಣ ಹಸಿರು ಗೋಡೆಯಂಥ ದಂಡೆ, ಮರುಕ್ಷಣ ಕೆಂಪು ಬಗ್ಗಡ ನೀರು ಎದುರಾದರೆ ಆಟೋದಲ್ಲಿ ಬಣ್ಣ ಓಲಾಡುತ್ತದೆ. ಅದನ್ನು ಆಮೇಲೆ ಸರಿಪಡಿಸುವುದು ಎಡಿಟ್ ಮಾಡುವವನಿಗೆ ಪ್ರಾಣಸಂಕಟ. ಮದುವೆ ವಿಡಿಯೋಗಳಲ್ಲಿ ಛತ್ರದ ಬಣ್ಣದ ದೀಪಗಳೊಂದಿಗೆ ಗುದ್ದಾಡುವ ನನ್ನ ಮಾತು ನಂಬಿ.

ಮಲ್ನಾಡ್ ಮೊಬೈಲ್

ಇಷ್ಟೆಲ್ಲ ಏಕೆ? ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡರೆ ಆಯಿತು. ಈಗಿನ ಫೋನುಗಳ ಚಿತ್ರ ಇವುಗಳಿಗಿಂತ ಚೆನ್ನಾಗಿದೆ.

ಹಾಸನದ ಸ್ಟುಡಿಯೋ

ಚಿತ್ರ ಚೆನ್ನಾಗಿದೆ ನಿಜ, ದಂಡೆಯ ಮೇಲಿದ್ದಾಗ. ಚೀಲದ ಪ್ಲಾಸ್ಟಿಕ್ಕಿನ ಮೂಲಕ ತೆಗೆದರೆ ಆ ಚೆನ್ನೆಲ್ಲ ಅಲ್ಲೇ ನಿಲ್ಲುತ್ತದೆ. ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಬೆರಳು ಒತ್ತಿದರೆ ಪರದೆ ಕೇಳುವುದಿಲ್ಲ. ಕೊರಳಿಗೆ ನೇತುಹಾಕುವ ವಿಚಾರದಲ್ಲಿ ಹುಟ್ಟುಗೋಲು ಅವರು ದಾರದ ಬಗ್ಗೆ ಹೇಳಿದ್ದನ್ನು ಇನ್ನೊಮ್ಮೆ ಓದಿ. ಮಣಿಕಟ್ಟಿಗೇ ಬೇಡವೆಂದವರು ಕೊರಳಿಗೆ ಒಪ್ಪುತ್ತಾರೆಯೇ?

ಹೇಮಾವತಿಯ ಮಗಳು (ಸಕಲೇಶಪುರ)

ಫೋನಿಗೂ ಒಂದು ಜಾಗವಿದೆ, ಅದು ದಂಡೆ. ನಿಮ್ಮ ಮನೆಯವರಲ್ಲಿ ನೀರಿಗಿಳಿಯಲು ಹೆದರುವವರು ಒಬ್ಬರಾದರೂ ಇರುತ್ತಾರೆ. ಅವರ ಕೈಗೆ ಫೋನ್ ಕೊಟ್ಟು, ರಾಫ್ಟ್ ನಡೆಸುವವರನ್ನು ಕೇಳಿ, ರಭಸದ ಜಾಗವೊಂದರ ಎದುರಿನ ದಂಡೆಯಲ್ಲಿ ನಿಲ್ಲಿಸಿ. ರಾಫ್ಟಿನೊಳಗಿನ ಕ್ಯಾಮೆರಾಕ್ಕೆ ರಾಫ್ಟ್ ಎಷ್ಟು ಎತ್ತರ ಎದ್ದಿತು ಎಂಬುದೇ ಕಾಣುವುದಿಲ್ಲ, ಏಕೆಂದರೆ ಅದೂ ಜೊತೆಗೇ ಎದ್ದಿರುತ್ತದೆ. ದಂಡೆಯಿಂದ ತೆಗೆದ ಹತ್ತು ಸೆಕೆಂಡಿನ ತುಣುಕು ಇಡೀ ವಿಡಿಯೋಗೆ ಅಳತೆಗೋಲಾಗುತ್ತದೆ. ಬಂಡೆಯ ಮೇಲೆ ಪಾಚಿ ಇರುತ್ತದೆ, ಮೇಲೆಲ್ಲೋ ಮಳೆಯಾದರೆ ನೀರು ಹೇಳದೆ ಕೇಳದೆ ಏರುತ್ತದೆ. ಆದ್ದರಿಂದ ನೀರಂಚಿನ ಬಂಡೆ ಬೇಡ, ಗಟ್ಟಿ ನೆಲದ ಮೇಲೇ ನಿಲ್ಲಲಿ.

ಹುಟ್ಟುಗೋಲು

ಹೇಮಾವತಿಯ ಮಗಳ ಮಾತಿಗೆ ನನ್ನದೂ ಸಹಿ. ಈಗ ಕಟ್ಟುವ ವಿಚಾರ.

ಕ್ಯಾಮೆರಾ ತಂದ ಪ್ರತಿಯೊಬ್ಬರೂ ಅದನ್ನು ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕೂರಿಸಲು ನೋಡುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ದಂಡೆಯ ಕೊಂಬೆಗಳು ಬಾಗಿರುವ ಕಡೆ ನೆತ್ತಿಯ ಮೇಲಿನ ಕ್ಯಾಮೆರಾ ಸಿಕ್ಕಿಕೊಳ್ಳುತ್ತದೆ. ಎರಡನೆಯದಾಗಿ, ತಲೆಯ ಎತ್ತರದಿಂದ ನೋಡಿದರೆ ಎಂಥ ಅಲೆಯೂ ಚಪ್ಪಟೆ. ಈ ಕ್ಯಾಮೆರಾಗಳ ಲೆನ್ಸ್ ಬಹಳ ಅಗಲ ನೋಡುತ್ತದೆ, ದೂರದ್ದನ್ನೆಲ್ಲ ಇನ್ನೂ ದೂರ ತಳ್ಳುತ್ತದೆ. ಕೂಗಿಕೊಂಡು ದಾಟಿದ ರಭಸ ಮನೆಗೆ ಬಂದು ನೋಡಿದಾಗ ಸಪ್ಪೆಯಾಗಿರುವುದಕ್ಕೆ ಇದೇ ಕಾರಣ. ಕ್ಯಾಮೆರಾ ನೀರಿಗೆ ಹತ್ತಿರವಿದ್ದಷ್ಟೂ ವೇಗ ಹೆಚ್ಚು ಕಾಣುತ್ತದೆ, ಅಲೆ ಎತ್ತರ ಕಾಣುತ್ತದೆ. ಹತ್ತಿರದಲ್ಲಿ ಏನಾದರೊಂದು ಇರಬೇಕು: ಹುಟ್ಟಿನ ಅಲಗು, ರಾಫ್ಟಿನ ಮೂತಿ, ಯಾರದಾದರೂ ಮೊಣಕಾಲು.

ನನ್ನ ಮೆಚ್ಚಿನ ಜಾಗ ರಾಫ್ಟಿನ ಮೂತಿ, ಮುಖ ಹಿಂದಕ್ಕೆ. ಮೂತಿಯಲ್ಲಿ ಹಿಡಿದೆತ್ತುವ ಪಟ್ಟಿಯೋ ಲೋಹದ ಬಳೆಯೋ ಇರುತ್ತದೆ. ಅದಕ್ಕೆ ಪಟ್ಟಿ ಸುತ್ತಿ ಬಿಗಿಯುವ ಮೌಂಟ್, ಅಂದರೆ ಕ್ಯಾಮೆರಾ ಕೂರಿಸುವ ಹಿಡಿಕೆ, ಸಿಗುತ್ತದೆ. ರಬ್ಬರಿನ ಮೇಲೆ ಅಂಟಿಸುವ ಮೌಂಟ್ ನಿಲ್ಲುವುದಿಲ್ಲ, ರಾಫ್ಟಿನ ಒಡೆಯರೂ ಒಪ್ಪುವುದಿಲ್ಲ. ಕ್ಯಾಮೆರಾದಿಂದ ಅದೇ ಬಳೆಗೆ ಗೇಣುದ್ದದ ಗಟ್ಟಿ ದಾರ ಇನ್ನೊಂದಿರಲಿ. ಗೇಣಿಗಿಂತ ಉದ್ದ ಬೇಡ, ಉದ್ದವಾದಷ್ಟೂ ಕುಣಿಕೆಯಾಗುತ್ತದೆ. ಆಗ ಏನು ಕಾಣುತ್ತದೆ ಗೊತ್ತೇ? ಎಲ್ಲರ ಮುಖ. ಅಲೆ ಬರುವ ಮೊದಲಿನ ಗಾಬರಿ, ಬಂದು ಬಡಿದಾಗ ಮುಚ್ಚಿದ ಕಣ್ಣು, ಮರುಕ್ಷಣ ಎಲ್ಲರಿಗಿಂತ ಜೋರಾಗಿ ನಗುವ ದೊಡ್ಡಮ್ಮ. ನದಿಯನ್ನು ಯಾರು ಬೇಕಾದರೂ ತೆಗೆಯುತ್ತಾರೆ, ಮನೆಯವರು ಎರಡನೇ ಸಲ ನೋಡುವುದು ಮುಖಗಳನ್ನೇ.

ಎದೆಪಟ್ಟಿ ಇದೆ ಎಂದಿರಿ. ಅದನ್ನು ಲೈಫ್ ಜಾಕೆಟ್ಟಿನ ಮೇಲೆ ಕಟ್ಟಬೇಕು, ಒಳಗಲ್ಲ. ಜಾಕೆಟ್ಟಿನ ಬಕಲ್‌ಗಳು ಅದರಡಿ ಮುಚ್ಚಿಹೋಗಬಾರದು. ರಾಫ್ಟಿನಲ್ಲಿ ಎಲ್ಲರೂ ಮುಂದಕ್ಕೆ ಬಾಗಿ ಹುಟ್ಟು ಹಾಕುವುದರಿಂದ ಎದೆಯ ಕ್ಯಾಮೆರಾ ನೆಲ ನೋಡುತ್ತದೆ. ನೆಟ್ಟಗೆ ಕುಳಿತಾಗ ತುಸು ಆಕಾಶ ಹೆಚ್ಚಾಯಿತೇನೋ ಅನ್ನಿಸುವಷ್ಟು ಮೇಲಕ್ಕೆ ತಿರುಗಿಸಿ ಬಿಗಿಯಿರಿ, ಬಾಗಿದಾಗ ಸರಿಹೋಗುತ್ತದೆ. ಹೆಲ್ಮೆಟ್ಟಿಗೇ ಕಟ್ಟಬೇಕೆಂದರೆ ಹಣೆಯ ಮೇಲೆ ತಗ್ಗಿನಲ್ಲಿ ಕಟ್ಟಿ, ಜೋರಾಗಿ ಎಳೆದರೆ ಕಳಚಿಕೊಳ್ಳುವಂತಿರಲಿ. ಬಾಡಿಗೆ ಹೆಲ್ಮೆಟ್ಟಿಗೆ ತೂತು ಕೊರೆಯುವ ಮಹಾನುಭಾವರೂ ಇದ್ದಾರೆ. ಅದು ಹೆಲ್ಮೆಟ್ಟನ್ನೇ ದುರ್ಬಲಗೊಳಿಸುತ್ತದೆ. ಬಾಯಲ್ಲಿ ಕಚ್ಚಿ ಹಿಡಿಯುವ ಮೌಂಟ್ ಕಡಲ ಅಲೆಯ ಮೇಲೆ ಹಲಗೆಯಾಡುವವರಿಗಿರಲಿ, ರಾಫ್ಟಿನಲ್ಲಿ ಹಲ್ಲಿಗೆ ಅಪಾಯ.

ಏನೇ ಕಟ್ಟಿದರೂ ನಡೆಸುವವರಿಗೆ ಮೊದಲೇ ತೋರಿಸಿ. ಬೇಡವೆಂದರೆ ವಾದಕ್ಕಿಳಿಯಬೇಡಿ. ನೀರಿಗೆ ಬಿದ್ದರೆ ಮೊದಲು ಅಂಗಾತವಾಗಿ, ಪಾದ ಪ್ರವಾಹದ ದಿಕ್ಕಿಗೆ ಚಾಚಿ ತೇಲಬೇಕು. ಸೆಳವಿನಲ್ಲಿ ಎದ್ದು ನಿಲ್ಲಲು ಹೋದರೆ ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾ ಎಲ್ಲಿದೆ ಎಂದು ಹುಡುಕುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಸೆಲ್ಫಿಕೋಲಿನ ಹುಡುಗ

ಮಾವ ನನ್ನನ್ನು ಹೀಗೆ ಊರಿಗೆಲ್ಲ ಸಾರಬೇಕಿರಲಿಲ್ಲ! ನಾನೂ ಇಲ್ಲೇ ಇದ್ದೇನೆ. ಕೋಲಿನ ತುದಿಯಲ್ಲಿ ಸುತ್ತಲಿನದೆಲ್ಲವನ್ನೂ ಒಟ್ಟಿಗೇ ತೆಗೆಯುವ 360 ಡಿಗ್ರಿ ಕ್ಯಾಮೆರಾ ಇದ್ದರೆ ಕೋಲೇ ಕಾಣುವುದಿಲ್ಲ, ಡ್ರೋನ್‌ನಿಂದ ತೆಗೆದಂತೆ ಬರುತ್ತದೆ. ಸ್ನೇಹಿತನ ಬಳಿ ಇನ್‌ಸ್ಟಾ360 ಎಕ್ಸ್4 ಇದೆ, ಅದೂ ಹತ್ತು ಮೀಟರ್ ಆಳಕ್ಕೆ ತಡೆಯುತ್ತದೆ. ಕೋಲನ್ನು ರಾಫ್ಟಿಗೇ ಕಟ್ಟಿದರೆ?

ಹುಟ್ಟುಗೋಲು

ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ರಾಫ್ಟಿಗೆ ಕಟ್ಟಿದ ಕೋಲು ರಾಫ್ಟ್ ಮಗುಚಿದಾಗ ಎಲ್ಲರ ತಲೆಯ ಮಧ್ಯೆ ಇರುತ್ತದೆ. ಹಾಗಾಗಿ ನನ್ನ ಉತ್ತರ ಬದಲಾಗುವುದಿಲ್ಲ. ಯಗಚಿಯ ನಿಂತ ನೀರಿನಲ್ಲಿ ಕಯಾಕ್‌ನ ಹಿಂಭಾಗಕ್ಕೆ ಕಟ್ಟು, ಅಲ್ಲಿ ನಾನೇ ಬಂದು ಬಿಗಿದುಕೊಡುತ್ತೇನೆ.

ಹಾಸನದ ಸ್ಟುಡಿಯೋ

360 ಕ್ಯಾಮೆರಾದ ಬಗ್ಗೆ ಇನ್ನೊಂದು ಮಾತು. ಅದಕ್ಕೆ ಎರಡು ಉಬ್ಬುಗಣ್ಣು. ಎರಡರ ಚಿತ್ರವನ್ನು ಹೊಲಿದು ಒಂದು ಮಾಡಬೇಕು. ಯಾವ ಕಣ್ಣಿನ ಅಂಚಿನಲ್ಲಿ ಹನಿ ಕುಳಿತರೂ ಹೊಲಿಗೆ ಕಾಣುತ್ತದೆ. ನೀರೊಳಗೆ ಮುಳುಗಿಸಿದರೆ ಬೆಳಕು ಬಾಗುವ ರೀತಿಯೇ ಬೇರೆಯಾಗುವುದರಿಂದ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಪ್ರತ್ಯೇಕ ಕವಚ ಬೇಕು. ಉಬ್ಬಿದ ಗಾಜು ಬಂಡೆಗೆ ತಾಗಿದರೆ ಮುಗಿಯಿತು. ಸ್ನೇಹಿತನ ಕ್ಯಾಮೆರಾ ಅಂತ ಬೇರೆ ಹೇಳುತ್ತಿದ್ದೀಯ.

ಕಾಫಿಕಣಿವೆ

ಹುಡುಗ ಈಗ ಮೂತಿಗೆ ಕಟ್ಟುವ ಪಟ್ಟಿ ಹುಡುಕುತ್ತಿದ್ದಾನೆ. ದೊಡ್ಡ ಉಪಕಾರ ಮಾಡಿದಿರಿ! ಹನಿಯ ವಿಚಾರ ಯಾರೂ ಹೇಳಲಿಲ್ಲ. ಲೆನ್ಸಿಗೆ ಏನಾದರೂ ಬಳಿಯಬೇಕೇ? ಟೂತ್‌ಪೇಸ್ಟ್ ಉಜ್ಜಿ ಎಂದು ಒಬ್ಬರು ಹೇಳಿದರು.

ಮೂಡಿಗೆರೆ ಮಳೆ

ಟೂತ್‌ಪೇಸ್ಟ್ ಹತ್ತಿರವೂ ಸುಳಿಯಬಾರದು. ಅದರಲ್ಲಿ ಉಜ್ಜುವ ನಯವಾದ ಪುಡಿ ಇರುತ್ತದೆ, ಗಾಜಿನ ಮೇಲಿನ ಲೇಪ ಹೋಗುತ್ತದೆ.

ಇದಕ್ಕೆ ಎಲ್ಲ ಕಡೆ ನಡೆಯುವ ಉಪಾಯ ಎಂಜಲು. ಮಡಿವಂತರು ಕ್ಷಮಿಸಬೇಕು. ಅದರ ತರ್ಕ ಸರಳ: ಲೇಪವಿಲ್ಲದ ಗಾಜಿನ ಮೇಲೆ ನೀರು ಹನಿಗಟ್ಟುತ್ತದೆ, ಹನಿಯೊಂದು ನಡುವೆ ಕುಳಿತರೆ ಅದರ ಹಿಂದಿನದೆಲ್ಲ ಉಬ್ಬಿ ಕಾಣುತ್ತದೆ. ಎಂಜಲು ಸವರಿದ ಗಾಜಿನ ಮೇಲೆ ನೀರು ತೆಳುವಾಗಿ ಹರಡಿಕೊಂಡು ಜಾರುತ್ತದೆ, ತೆಳುಪೊರೆಯ ಮೂಲಕ ಚಿತ್ರ ಚೆನ್ನಾಗಿಯೇ ಬರುತ್ತದೆ. ಹೊರಡುವ ಮೊದಲು ದಂಡೆಯಲ್ಲೇ ಒಣ ಗಾಜಿಗೆ ಎಂಜಲು ಹಚ್ಚಿ, ಆಮೇಲೆ ಒಮ್ಮೆ ನೀರಿನಲ್ಲಿ ಅದ್ದಿ ತೆಗೆಯಿರಿ. ನಡುದಾರಿಯಲ್ಲಿ ಹೊಳೆಯ ನೀರು ಹತ್ತಿದ ಗಾಜನ್ನು ನೆಕ್ಕುವುದು ಬೇಡ, ಮಳೆಗಾಲದಲ್ಲಿ ಇಲಿಜ್ವರದ ಭಯ ಇದ್ದೇ ಇದೆ. ಹೀರೋ 10ರಿಂದ ಈಚೆಗೆ ಲೆನ್ಸಿನ ಗಾಜಿಗೆ ನೀರು ನಿಲ್ಲದ ಲೇಪ ಬಂದಿದೆ. ಅಂಥದ್ದಿದ್ದರೆ ಎಂಜಲು ಬೇಡ, ಜಿಡ್ಡಾಗದಂತೆ ಒರೆಸಿಟ್ಟರೆ ಸಾಕು. ನಿಮ್ಮದು 9 ಆದ್ದರಿಂದ ನಿಶ್ಚಿಂತೆಯಿಂದ ಹಚ್ಚಿ. ಹುಟ್ಟು ಹಾಕುವುದನ್ನು ನಿಲ್ಲಿಸಿ ಎಂದು ಕೂಗು ಬಂದಾಗಲೆಲ್ಲ ಒಂದು ಹಿಡಿ ನೀರು ಎರಚಿದರೂ ಕೂತ ಹನಿ ಓಡುತ್ತದೆ.

ಹನಿಗಿಂತ ದೊಡ್ಡ ಶತ್ರು ಒಳಗಿನ ಮಂಜು. ನಮ್ಮ ಕಡೆ ಈ ದಿನಗಳಲ್ಲಿ ಗಾಳಿಯೇ ಅರ್ಧ ನೀರು. ಬ್ಯಾಟರಿ ಬದಲಿಸಲೆಂದು ಹೊಳೆಯ ಪಕ್ಕ ಬಾಗಿಲು ತೆರೆದರೆ ಆ ತೇವದ ಗಾಳಿ ಒಳಗೆ ಸೇರುತ್ತದೆ. ಕ್ಯಾಮೆರಾ ಓಡುತ್ತ ಒಳಗೆ ಬಿಸಿಯಾಗುತ್ತದೆ, ಹೊರಗೆ ತಣ್ಣನೆಯ ಭದ್ರೆಯ ನೀರು ಬಡಿಯುತ್ತದೆ, ಗಾಜಿನ ಒಳಮೈಯಲ್ಲಿ ಇಬ್ಬನಿ ಕಟ್ಟುತ್ತದೆ. ಅದನ್ನು ಒರೆಸಲು ಆಗದು. ಮನೆಯಲ್ಲೇ, ಒಣಗಿದ ಕೋಣೆಯಲ್ಲಿ, ತುಂಬಿದ ಬ್ಯಾಟರಿಯನ್ನೂ ಖಾಲಿ ಮಾಡಿದ ಮೆಮೊರಿ ಕಾರ್ಡನ್ನೂ ಹಾಕಿ ಬಾಗಿಲು ಮುಚ್ಚಿಬಿಡಿ. ಕಾರಿನಲ್ಲಿ ಎಸಿ ಗಾಳಿ ಬಡಿಯುವಲ್ಲಿ ಕ್ಯಾಮೆರಾ ಇಡಬೇಡಿ.

ಬಾಗಿಲು ಮುಚ್ಚುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ರಬ್ಬರಿನ ಸುತ್ತು ನೋಡಿ. ತೆಳುವಾದ ಒಂದು ಎಳೆ. ಅದರ ಮೇಲೆ ಅಡ್ಡಲಾಗಿ ಒಂದು ಕೂದಲು ಬಿದ್ದಿದ್ದರೂ ಸಾಕು, ನೀರು ಅದರ ಪಕ್ಕದಿಂದಲೇ ದಾರಿ ಮಾಡಿಕೊಳ್ಳುತ್ತದೆ. ಒಣಬಟ್ಟೆಯಿಂದ ಒರೆಸಿ, ಮುಚ್ಚಿ, ಚಿಲಕ ಕುಳಿತ ಸದ್ದು ಕೇಳಿದ ಮೇಲೆ ಉಗುರಿನಿಂದ ಒಮ್ಮೆ ಎಳೆದು ನೋಡಿ.

ಯಗಚಿ ದಂಡೆ (ಬೇಲೂರು)

ಹತ್ತು ಮೀಟರ್ ಎಂದರೆ ನಿಂತ ನೀರಿನ ಲೆಕ್ಕ ಎಂಬುದು ನೆನಪಿರಲಿ. ನಮ್ಮ ಹಿನ್ನೀರಿನಲ್ಲಿ ಜೆಟ್ ಸ್ಕೀ, ಬನಾನಾ ದೋಣಿ ಇವೆ. ಆ ವೇಗದಲ್ಲಿ ಬಿದ್ದಾಗ ನೀರು ಬಡಿಯುವ ಹೊಡೆತ ಬೇರೆ, ಬಾಗಿಲಿನ ಚಿಲಕ ಸಡಿಲವಿದ್ದರೆ ಅಲ್ಲಿ ಗೊತ್ತಾಗುತ್ತದೆ. ಹಳೆಯ ಕ್ಯಾಮೆರಾ ಆದ್ದರಿಂದ ಮೊದಲು ಮನೆಯಲ್ಲಿ ಕಾರ್ಡು ಬ್ಯಾಟರಿ ತೆಗೆದು, ಒಳಗೆ ಒಂದು ಚೂರು ಟಿಶ್ಯೂ ಕಾಗದ ಇಟ್ಟು, ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒಣಗಿದ್ದರೆ ಧೈರ್ಯವಾಗಿ ಹೋಗಿ. ಬನಾನಾ ದೋಣಿ ಬೀಳಿಸುವುದಕ್ಕೆಂದೇ ಇರುವುದು, ಅದರಲ್ಲಿ ಎದೆಪಟ್ಟಿಯೊಂದೇ ಸರಿ.

ಇನ್ನೊಂದು ವಿಷಯ, ಗೋಪ್ರೊ ಕಲ್ಲಿನಂತೆ ಮುಳುಗುತ್ತದೆ. ಕಿತ್ತಳೆ ಬಣ್ಣದ ಸ್ಪಂಜು ತೇಲುಕ ಸಿಗುತ್ತದೆ, ಬೆನ್ನಿಗೆ ಅಂಟಿಸುವುದೋ ಹಿಡಿಯ ರೂಪದ್ದೋ. ಕಿತ್ತಳೆಯೇ ಇರಲಿ. ಕಪ್ಪು ತೇಲುಕ ತೇಲುತ್ತದೆ, ಕಾಣುವುದಿಲ್ಲ.

ಮಲ್ನಾಡ್ ಮೊಬೈಲ್

ಒಪ್ಪಿದೆ, ಫೋನು ದಂಡೆಗೆ. ಆದರೆ ಕಾರ್ಡ್ ಎಷ್ಟು ದೊಡ್ಡದು ಬೇಕು? ನಾನೂ ಒಂದು ಕೊಳ್ಳುವ ಯೋಚನೆಯಲ್ಲಿದ್ದೇನೆ ಎಂದು ಹೇಳಲು ನಾಚಿಕೆ.

ಹಾಸನದ ಸ್ಟುಡಿಯೋ

ನಾಚಿಕೆ ಏಕೆ? ಲೆಕ್ಕ ಹೀಗಿದೆ. ಈ ಕ್ಯಾಮೆರಾ ಹೆಚ್ಚೆಂದರೆ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಎಂಟರಿಂದ ಭಾಗಿಸಿ 3600ರಿಂದ ಗುಣಿಸಿದರೆ ಗಂಟೆಗೆ 45 ಜಿಬಿ. 128 ಜಿಬಿ ಕಾರ್ಡಿನಲ್ಲಿ ಎರಡೂವರೆ ಗಂಟೆಗೂ ತುಸು ಹೆಚ್ಚು. ಬ್ಯಾಟರಿ ಅದಕ್ಕಿಂತ ಬಹಳ ಮೊದಲೇ ಕೈಕೊಡುತ್ತದೆ. ಕಾರ್ಡಿನ ಮೇಲೆ ವಿ30 ಎಂದು ಬರೆದಿರಬೇಕು, ಅದು ಬರೆಯುವ ವೇಗದ ಗುರುತು. ನಕಲಿ ಕಾರ್ಡುಗಳ ಹಾವಳಿ ಇದೆ, ಕೊಂಡ ಕೂಡಲೇ ಪೂರ್ತಿ ತುಂಬುವವರೆಗೆ ಒಮ್ಮೆ ಚಿತ್ರಿಸಿ ನೋಡಿ.

ನಿರಂತರವಾಗಿ ಓಡಿಸಲೂ ಬೇಡಿ. ಬ್ಯಾಟರಿ ಹೋಗುವುದಷ್ಟೇ ಅಲ್ಲ, ಆಮೇಲೆ ಇಡೀ ಹೊಳೆಯನ್ನು ಕುಳಿತು ನೋಡುವವರಾರು? ಹೀರೋ 9ರಲ್ಲಿ ಹೈಂಡ್‌ಸೈಟ್ ಎಂಬ ಅನುಕೂಲವಿದೆ. ಗುಂಡಿ ಒತ್ತುವುದಕ್ಕಿಂತ ಮೊದಲಿನ 15 ಅಥವಾ 30 ಸೆಕೆಂಡನ್ನೂ ಉಳಿಸಿಕೊಳ್ಳುತ್ತದೆ. ಬ್ಯಾಟರಿ ತಿನ್ನುತ್ತದೆ, ನಿಜ. ಎದೆಪಟ್ಟಿಯಲ್ಲಿದ್ದಾಗ ಅದು ಉಪಯೋಗಕ್ಕೆ ಬರುತ್ತದೆ. ಮೂತಿಗೆ ಕಟ್ಟಿದ್ದರೆ ಕೈಗೆ ಎಟುಕದು, ಹೊರಡುವಾಗ ಒತ್ತಿ ಬಿಟ್ಟುಬಿಡುವುದೇ ದಾರಿ. ಪರದೆಗೆ ಬೀಗ ಹಾಕಿ, ಇಲ್ಲವಾದರೆ ನೀರಿನ ಹನಿಗಳೇ ಬೆರಳಾಗಿ ಸೆಟ್ಟಿಂಗ್ ಬದಲಿಸುತ್ತವೆ. ಕ್ವಿಕ್‌ಕ್ಯಾಪ್ಚರ್ ಚಾಲೂ ಮಾಡಿಟ್ಟರೆ ಆರಿಸಿದ ಕ್ಯಾಮೆರಾದ ಮೇಲಿನ ಗುಂಡಿ ಒಮ್ಮೆ ಒತ್ತಿದರೆ ಸಾಕು, ತಾನೇ ಎದ್ದು ಚಿತ್ರಿಸತೊಡಗುತ್ತದೆ.

ಹೇಮಾವತಿಯ ಮಗಳು

ಕಯಾಕ್ ಬಗ್ಗೆ ನಾನು ಹೇಳುತ್ತೇನೆ, ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಓಡಾಡುವ ಅಭ್ಯಾಸವಿರುವುದರಿಂದ. ಒರಟು ಪ್ಲಾಸ್ಟಿಕ್ಕಿನ ಕಯಾಕ್ ಮೇಲೆ ನಿರ್ವಾತದಿಂದ ಹಿಡಿಯುವ ರಬ್ಬರ್ ಬಟ್ಟಲು ನಿಲ್ಲದು, ಮೇಲ್ಮೈ ಕಾಣುವಷ್ಟು ನಯವಾಗಿರುವುದಿಲ್ಲ. ಅಂಟಿಸುವ ಮೌಂಟ್ ಆದರೆ ಹಿಂದಿನ ದಿನವೇ, ಸ್ಪಿರಿಟ್ಟಿನಲ್ಲಿ ಒರೆಸಿ, ಒಣ ಜಾಗದಲ್ಲಿ ಅಂಟಿಸಿ ಒಂದಿಡೀ ದಿನ ಬಿಡಬೇಕು. ಬಾಡಿಗೆ ಕಯಾಕ್‌ಗೆ ಅದು ಆಗದ ಮಾತು. ಎದೆಪಟ್ಟಿ ಕಯಾಕ್‌ಗೆ ಬಹಳ ಒಪ್ಪುತ್ತದೆ: ಕೈಗಳು, ಹುಟ್ಟಿನಿಂದ ಇಳಿಯುವ ನೀರು, ಎದುರಿಗೆ ಮೂತಿ, ಎಲ್ಲ ಒಂದೇ ಚೌಕಟ್ಟಿನಲ್ಲಿ.

ನೀರೊಳಗಿನ ಚಿತ್ರದ ಆಸೆ ಈಗ ಬಿಡಿ. ಮಳೆಗಾಲದ ಬಗ್ಗಡದಲ್ಲಿ ಕ್ಯಾಮೆರಾ ಮುಳುಗಿಸಿದರೆ ಚಹಾದ ಬಣ್ಣವಷ್ಟೇ. ಕೆಂಪು ಫಿಲ್ಟರ್ ಹಾಕಿ ಎನ್ನುವವರಿದ್ದಾರೆ. ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ ಎಂಬುದು ನಿಜ, ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಮುಳುಗುವವರಿಗೆ ಆ ಫಿಲ್ಟರ್ ಕೆಲಸಕ್ಕೆ ಬರುತ್ತದೆ. ಒಂದು ಮಾರು ಆಳದ ನಮ್ಮ ಹಿನ್ನೀರಿಗೆ ಬೇಡ. ಮಳೆ ಕಳೆದು ಮಣ್ಣು ತಳ ಸೇರಿದ ಮೇಲೆ, ಅರ್ಧ ನೀರಿನೊಳಗೆ ಅರ್ಧ ಮೇಲೆ ಕಾಣುವ ಚಿತ್ರ ತೆಗೆಯಬಹುದು. ಅದಕ್ಕೆ ಗಾಜಿನ ಗುಮ್ಮಟದಂಥ ಡೋಮ್ ಬೇಕು. ಬರೀ ಕ್ಯಾಮೆರಾದ ಪುಟ್ಟ ಲೆನ್ಸಿನ ಎದುರು ನೀರಿನ ಅಂಚು ದಪ್ಪ ಪಟ್ಟಿಯಾಗಿ ಅಡ್ಡ ಬರುತ್ತದೆ, ಡೋಮಿನ ಅಗಲದಲ್ಲಿ ಅದು ಗೆರೆಯಾಗುತ್ತದೆ.

ಇದೇ ಗೊರೂರಿನ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚಿಗೆ ಹರಿಗೋಲಿನಲ್ಲಿ ಹೋಗಿ ಹೀಗೆ ತೆಗೆಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಗೋಡೆಗಳವು, ಅಣೆಕಟ್ಟು ಬಂದ ಮೇಲೆ ವರ್ಷವರ್ಷ ಮುಳುಗಿ ಏಳುತ್ತ ಸಡಿಲಗೊಂಡಿವೆ. ದೂರದಿಂದಲೇ ತೆಗೆಯಿರಿ, ಕಮಾನಿನ ಕೆಳಗೆ ಹೋಗಬೇಡಿ. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳೂ ಇರುತ್ತವೆ.

ಭದ್ರಾ ಕಾಡಂಚು (ಲಕ್ಕವಳ್ಳಿ)

ನಡುವೆ ಬಾಯಿ ಹಾಕುತ್ತಿದ್ದೇನೆ. ಇದೇ ಉಮೇದಿನಲ್ಲಿ ಯಾರಾದರೂ ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಬಂದರೆ, ಇದು ಹುಲಿ ಸಂರಕ್ಷಿತ ಪ್ರದೇಶ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ಅಗಲ ಲೆನ್ಸಿನ ಕ್ಯಾಮೆರಾದಲ್ಲಿ ಹಕ್ಕಿ ದೊಡ್ಡದಾಗಿ ಕಾಣಬೇಕೆಂದರೆ ತೀರಾ ಹತ್ತಿರ ಹೋಗಬೇಕು. ತಾಯಿ ಹಕ್ಕಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಆ ಕೆಲಸಕ್ಕೆ ಈ ಕ್ಯಾಮೆರಾ ಅಲ್ಲವೇ ಅಲ್ಲ.

ಕಾಫಿಕಣಿವೆ

ಹೋಗಿ ಬಂದೆವು! ಮೂತಿಯ ಕ್ಯಾಮೆರಾವನ್ನು ನಡೆಸುವವರೇ ಬಿಗಿದುಕೊಟ್ಟರು. ಹುಟ್ಟುಗೋಲು ಅವರು ಹೇಳಿದ ದೊಡ್ಡಮ್ಮನ ಪಾತ್ರ ನಮ್ಮಲ್ಲಿ ಅಕ್ಕನದು. ಅವಳು ಅಲೆಗೆ ಬೈಯುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಏನು ಬೈಯುತ್ತಿದ್ದಾಳೆ ಎಂಬುದು ಕೇಳುವುದೇ ಇಲ್ಲ! ಪ್ರತಿ ಅಲೆಯ ನಂತರ ಒಂದಷ್ಟು ಹೊತ್ತು ಧ್ವನಿ ನೀರಿನೊಳಗಿಂದ ಬಂದಂತೆ ಮಂದವಾಗುತ್ತದೆ. ಮೈಕು ಕೆಟ್ಟಿತೇ?

ಹಾಸನದ ಸ್ಟುಡಿಯೋ

ಕೆಟ್ಟಿಲ್ಲ. ಮೈಕಿನ ತೂತುಗಳಲ್ಲಿ ನೀರು ನಿಂತು ಇಳಿಯುವವರೆಗೆ ಹಾಗೆಯೇ. ಒದ್ದೆಯಾದ ಮೇಲೆ ತೂತು ಕೆಳಮುಖವಾಗುವಂತೆ ಹಿಡಿದು ಕೊಡವಿದರೆ ಬೇಗ ಬಿಡುತ್ತದೆ. ಸೂಜಿ ಹಾಕಿ ಚುಚ್ಚಬೇಡಿ, ಒಳಗಿನ ತೆಳುಪೊರೆ ಹರಿದರೆ ನೀರು ನೇರ ಒಳಗೆ. ರಭಸದ ಮೂಲ ಧ್ವನಿ ಹೇಗಿದ್ದರೂ ಒಂದೇ ಸಮನೆ ಭೋರ್ಗರೆತ. ದಂಡೆಯ ಫೋನಿನಲ್ಲಿ ದಾಖಲಾದ ನೀರಿನ ಸದ್ದನ್ನು ಇಡೀ ವಿಡಿಯೋದ ಕೆಳಗೆ ಹಾಸಿ, ನಿಮ್ಮ ಕೂಗಾಟಗಳನ್ನು ಅಲ್ಲಲ್ಲಿ ಮೇಲೆ ಕೂರಿಸಿ. ಅಕ್ಕನ ಬೈಗುಳವನ್ನು ಮನೆಯಲ್ಲೇ ಮತ್ತೊಮ್ಮೆ ಹೇಳಿಸಿ ಸೇರಿಸಿದರೂ ಯಾರಿಗೂ ತಿಳಿಯದು.

ಒಟ್ಟು ಒಂದೂವರೆ ನಿಮಿಷ ಮೀರದಿರಲಿ. ಜಾಕೆಟ್ ಬಿಗಿಯುವಾಗಿನ ಮುಖಗಳು, ಮೊದಲ ಅಲೆ, ದಂಡೆಯ ತುಣುಕು, ಕೊನೆಗೆ ನಡುಗುತ್ತ ಕಾಫಿ ಕುಡಿಯುವುದು. ನಡುವಿನ ಸಪ್ಪೆ ನೀರೆಲ್ಲ ಹೋಗಲಿ.

ಸೆಲ್ಫಿಕೋಲಿನ ಹುಡುಗ

ಎಡಿಟ್ ನಾನೇ ಮಾಡುತ್ತಿದ್ದೇನೆ. ಅಮ್ಮ ಬೈಗುಳವನ್ನು ಮತ್ತೆ ಹೇಳಲು ಒಪ್ಪುತ್ತಿಲ್ಲ.

ಮೂಡಿಗೆರೆ ಮಳೆ

ಎಡಿಟ್ ಆಮೇಲೆ ಮಾಡು ತಮ್ಮಾ, ಕ್ಯಾಮೆರಾ ಎಲ್ಲಿಟ್ಟಿದ್ದೀರಿ ಮೊದಲು ಹೇಳು. ಒದ್ದೆ ಚೀಲದಲ್ಲೇ ಇದೆಯಾದರೆ ಈಗಲೇ ತೆಗೆ. ಬಾಗಿಲು ಮುಚ್ಚಿದಂತೆಯೇ ಶುದ್ಧ ನೀರಿನಲ್ಲಿ ಮರಳು ಹೋಗುವಂತೆ ತೊಳೆದು, ಹೊರಗೆಲ್ಲ ಪೂರ್ತಿ ಒಣಗಿದ ಮೇಲೆ ಬಾಗಿಲು ತೆರೆಯಬೇಕು. ಅಕ್ಕಿ ಡಬ್ಬಕ್ಕೆ ಹಾಕಬೇಡಿ, ಅಕ್ಕಿಯ ಹುಡಿ ಕಿಂಡಿಯಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಬ್ಯಾಟರಿ ಹೊರಗಿರಲಿ. ಮಲೆನಾಡಿನ ಬೀರುವಿನಲ್ಲಿ ಹಾಗೆಯೇ ಬಿಟ್ಟರೆ ಯಗಚಿಗೆ ಹೋಗುವಷ್ಟರಲ್ಲಿ ಲೆನ್ಸಿಗೆ ಬೂಷ್ಟು ಹಿಡಿದಿರುತ್ತದೆ.

ಕಾಫಿಕಣಿವೆ

ಒದ್ದೆ ಚೀಲದಲ್ಲೇ ಇತ್ತು. ತೆಗೆದು ತೊಳೆಯಲು ಹುಡುಗನನ್ನು ಕಳುಹಿಸಿದ್ದೇನೆ. ಸಿಲಿಕಾ ಜೆಲ್ ಚಿಕ್ಕಮಗಳೂರಿನಲ್ಲಿ ಬಿಡಿಯಾಗಿ ಎಲ್ಲಿ ಸಿಗುತ್ತದೆ?

ಮೂಡಿಗೆರೆ ಮಳೆ

ಕ್ಯಾಮೆರಾ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಬಣ್ಣ ಬದಲಾಗುವ ಹರಳು ಕೊಡಿ ಎನ್ನಿ. ತೇವ ಹೀರಿ ಬಣ್ಣ ತಿರುಗಿದಾಗ ಹರಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಅಡುಗೆಯ ಬಾಣಲೆ ಬೇಡ, ಹಳೆಯದೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಿ.